ತಿಪ್ಪೆಗೆ ಹೋಗುತ್ತಿದ್ದ ತುಪ್ಪಟ ಕಂಬಳಿಯಾದದ್ದು: ನನ್ನ ಅನುಭವ

ದಖ್ಖನಿ ಕರಿ ಕುರಿ ಕಟ್ಟುತ್ತೇನೆ ಎಂದಾಗ ಮನೆಯವರೂ ಒಪ್ಪಲಿಲ್ಲ, ಊರವರೂ ಒಪ್ಪಲಿಲ್ಲ. "ಉಣ್ಣೆ ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ, ಮಾಂಸಕ್ಕೆ ಸಾಕುವ ಕೆಂಗುರಿ ಕಟ್ಟು" ಎಂದು ನಮ್ಮ ಸೋದರಮಾವ ನೇರವಾಗಿಯೇ ಹೇಳಿದರು. ಬಾಗಲಕೋಟೆ ಸೀಮೆಯಲ್ಲಿ ಕತ್ತರಿಸಿದ ತುಪ್ಪಟವನ್ನು, ಅಂದರೆ ಕುರಿಯ ಉಣ್ಣೆಯನ್ನು, ಬೇಲಿಗೆ ಎಸೆದು ಬರುವವರನ್ನು ನಾನೂ ನೋಡಿದ್ದೆ. ಈಗ ನಾಲ್ಕನೆಯ ವರ್ಷ. ಇಪ್ಪತ್ತಾರು ತಾಯಿ ಕುರಿ, ಒಂದು ಟಗರು. ಲಸಿಕೆ, ಔಷಧಿ, ಕತ್ತರಿ ಕೂಲಿ ಎಲ್ಲವನ್ನೂ ಉಣ್ಣೆಯೇ ಹೊರುತ್ತಿದೆ. ಮಾವ ಈ ಸಲ ತಮ್ಮ ಮಗಳ ಮದುವೆಗೆ ನನ್ನಿಂದಲೇ ಎರಡು ಕಂಬಳಿ ಒಯ್ದರು, ಪೂರ್ತಿ ಹಣ ಕೊಟ್ಟು.

ಆರಂಭದಲ್ಲಿ ಕೈ ಸುಟ್ಟುಕೊಂಡೆ. ಸಂತೆಯೊಂದರಲ್ಲಿ ಹದಿನಾಲ್ಕು ಕುರಿ ಒಟ್ಟಿಗೇ ಹಿಡಿದೆ, ಸರಾಸರಿ ಒಂಬತ್ತು ಸಾವಿರದಂತೆ. ಬೇರೆ ಕಟ್ಟದೆ ಅಂದೇ ಹಟ್ಟಿಗೆ ಬಿಟ್ಟೆ. ಮೊದಲ ಮಳೆ ಬಿದ್ದು ಹಸಿರು ಚಿಗುರಿತ್ತು, ಹಸಿದ ಕುರಿಗಳನ್ನು ಅದರ ಮೇಲೆ ಬಿಟ್ಟೆ. ಕರುಳು ಬೇನೆ. ಸಂಜೆ ಚೆನ್ನಾಗಿ ಮೇಯುತ್ತಿದ್ದದ್ದು ಬೆಳಿಗ್ಗೆ ಕಾಲು ಚಾಚಿ ಬಿದ್ದಿರುತ್ತಿತ್ತು. ಐದು ಹೋದವು, ನಲವತ್ತೈದು ಸಾವಿರ ಮಣ್ಣಾಯಿತು. ಮುಂಗಾರಿಗೆ ಮುಂಚೆ ಲಸಿಕೆ ಹಾಕಿಸಬೇಕೆಂಬುದು ನನಗೆ ಗೊತ್ತಿತ್ತು. ಸಂತೆಯವನು "ಹಾಕಿಸಿದೆ" ಎಂದದ್ದನ್ನು ನಂಬಿದ್ದೆ. ಈಗ ಯಾರು ಏನೇ ಹೇಳಲಿ, ಬಂದ ಕುರಿ ಮೂರು ವಾರ ಬೇರೆ ಕೊಟ್ಟಿಗೆಯಲ್ಲಿರುತ್ತದೆ, ಲಸಿಕೆ ನನ್ನ ಕಣ್ಣೆದುರೇ ಬೀಳುತ್ತದೆ. ಆಮೇಲೆ ಸಂತೆಗೆ ಹೋಗಲಿಲ್ಲ. ಅಲೆಮಾರಿ ಮಂದೆಯವರು ನಮ್ಮ ಹೊಲದಲ್ಲಿ ಕುರಿ ನಿಲ್ಲಿಸಿದಾಗ ಎರಡು ರಾತ್ರಿ ಅವರ ಜೊತೆಯೇ ಮಲಗಿ, ಮೇಯುವುದನ್ನೂ ನಡೆಯುವುದನ್ನೂ ನೋಡಿ ಆರಿಸಿಕೊಂಡೆ. ತಲೆಗೆ ಸಾವಿರ ಹೆಚ್ಚಾಯಿತು. ಅವುಗಳಲ್ಲಿ ಒಂದೂ ಸತ್ತಿಲ್ಲ.

ಉಣ್ಣೆಯ ಪಾಠ ಇನ್ನೂ ಕಹಿ. ಮೊದಲ ಕತ್ತರಿಯ ಉಣ್ಣೆಯನ್ನು ಎರಡು ಗೋಣಿಚೀಲದಲ್ಲಿ ತುಂಬಿ ನೇಕಾರ ಅಜ್ಜನ ಮನೆಗೆ ಒಯ್ದೆ. ಅವರು ಚೀಲದ ನಡುವಿನಿಂದ ಒಂದು ಹಿಡಿ ಎಳೆದರು, ಎರಡು ಹೆಬ್ಬೆರಳ ನಡುವೆ ಹಿಗ್ಗಿಸಿದರು. ಧೂಳು ಉದುರಿತು, ಉತ್ತರಾಣಿ ಕಾಳು ಬೆರಳಿಗೆ ಚುಚ್ಚಿತು. "ಇದನ್ನು ಹಿಂಜುವಷ್ಟರಲ್ಲಿ ಹೆಂಗಸರ ಕೈಯೆಲ್ಲ ಗಾಯವಾಗುತ್ತದಪ್ಪಾ, ಒಯ್ದುಬಿಡು" ಎಂದು ಚೀಲ ಕಟ್ಟಿ ಕೊಟ್ಟರು. ಬಸ್ಸಿನಲ್ಲಿ ವಾಪಸು ತಂದ ಆ ಎರಡು ಚೀಲವೇ ನನಗೆ ದಾರಿ ತೋರಿಸಿತು.

ಉಣ್ಣೆ ಶುದ್ಧವಾಗಬೇಕಾದದ್ದು ಕುರಿಯ ಮೈಮೇಲಿರುವಾಗಲೇ, ಕತ್ತರಿಸಿದ ಮೇಲಲ್ಲ. ಕತ್ತರಿಗೆ ಹದಿನೈದು ದಿನ ಮೊದಲೇ ಉತ್ತರಾಣಿ ಬೆಳೆದ ಬದುಗಳ ಕಡೆ ಮೇಯಲು ಬಿಡುವುದನ್ನು ನಿಲ್ಲಿಸುತ್ತೇನೆ. ಎರಡು ದಿನ ಮೊದಲು ಹರಿಯುವ ನೀರಿನಲ್ಲಿ ಒಂದೊಂದಾಗಿ ತೊಳೆದು, ಧೂಳಿಲ್ಲದ ಕಲ್ಲುಹಾಸಿನ ಮೇಲೆ ಒಣಗಲು ಬಿಡುತ್ತೇನೆ. ಕತ್ತರಿಸುವುದು ತಾಡಪಾಲಿನ ಮೇಲೆ. ಹೊಟ್ಟೆ, ಕಾಲು, ಬಾಲದ ಉಣ್ಣೆ ಮೊದಲೇ ಬೇರೆ ಚೀಲಕ್ಕೆ. ಬೆನ್ನು ಮತ್ತು ಪಕ್ಕೆಯದು ಬಣ್ಣದ ಪ್ರಕಾರ ಬೇರೆ ಬೇರೆ. ಮರಿಯ ಮೊದಲ ಕತ್ತರಿ ಮೃದುವಾಗಿರುತ್ತದೆ, ಅದನ್ನು ಯಾವುದರ ಜೊತೆಗೂ ಬೆರೆಸಬೇಡಿ. ಕತ್ತರಿಸಿದ ಮೇಲೆ ಇನ್ನೊಮ್ಮೆ ಅಂಟುವಾಳದ ನೀರಿನಲ್ಲಿ ಜಾಲಿಸುತ್ತೇನೆ. ಕೊನೆಯ ನೀರಿಗೆ ಏನು ಬೆರೆಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ; ನೂಲು ತುಂಡಾಗದಿರುವುದಕ್ಕೆ ಅದೇ ಕಾರಣ ಎಂದು ನೂಲುವ ಅಕ್ಕಂದಿರೇ ಹೇಳುತ್ತಾರೆ.

ಲೆಕ್ಕ ನೆನಪಿನಿಂದ ಹೇಳುತ್ತಿದ್ದೇನೆ. ವರ್ಷಕ್ಕೆ ಎರಡು ಕತ್ತರಿ, ಪ್ರತಿ ಕತ್ತರಿಗೆ ಕುರಿಗೆ ಸುಮಾರು ನಾನೂರು ಗ್ರಾಂ. ಮರಿಯದೂ ಸೇರಿ ಇಪ್ಪತ್ತೈದು ಕಿಲೋ ಆಸುಪಾಸು. ಮೂರನೇ ಒಂದು ಭಾಗ ಕಸವೆಂದು ಹೋಗುತ್ತದೆ. ಉಳಿದದ್ದರಲ್ಲಿ ಆರೋ ಏಳೋ ಕಂಬಳಿ. ನೂಲುವ, ನೇಯುವ ಕೂಲಿ ಕಂಬಳಿಗೆ ಸಾವಿರದ ಐದುನೂರು. ನಾನು ಮಾರುವುದು ಮೂರು ಸಾವಿರದ ಇನ್ನೂರಕ್ಕೆ. ಹತ್ತು, ಹನ್ನೊಂದು ಸಾವಿರ ಕೈಗೆ ಉಳಿಯುತ್ತದೆ. ಕತ್ತರಿ ಕೂಲಿ ಎರಡು ಸಾವಿರದೊಳಗೆ, ಲಸಿಕೆ ಮತ್ತು ಜಂತುಹುಳದ ಔಷಧಿ ಐದಾರು ಸಾವಿರ. ದೊಡ್ಡ ಹಣ ಮರಿಯಿಂದಲೇ, ಅದರಲ್ಲಿ ಅನುಮಾನವಿಲ್ಲ. ಆದರೆ ಮರಿಯ ಹಣದಿಂದ ಔಷಧಿ ಅಂಗಡಿಗೆ ಒಂದು ರೂಪಾಯಿಯೂ ಹೋಗುವುದಿಲ್ಲ.

ನಡುವೆ ನಯವಾದ ಉಣ್ಣೆಯ ಆಸೆಗೆ ರಾಂಬುಯೆ ಎಂಬ ವಿದೇಶಿ ತಳಿಯ ಬೆರಕೆಯ ಟಗರೊಂದನ್ನು ತಂದಿದ್ದೆ. ಮರಿಗಳ ಉಣ್ಣೆ ನಿಜಕ್ಕೂ ನಯವಾಯಿತು. ಮಳೆಗಾಲದಲ್ಲಿ ಅವುಗಳ ಗೊರಸು ಕೊಳೆಯತೊಡಗಿತು, ದಿನವೂ ಮೈಲುತುತ್ತದ ನೀರಿನಲ್ಲಿ ಕಾಲು ಅದ್ದಿಸಿ ಸಾಕಾಯಿತು. ಮಾರಿಬಿಟ್ಟೆ. ಕಂಬಳಿಗೆ ನಮ್ಮ ಒರಟು ಉಣ್ಣೆಯೇ ಸರಿ: ಉದ್ದಕ್ಕೆ ಕಟ್ಟುವ ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಕುಡಿಸಿ ಗುಂಡಿ ಮಗ್ಗಕ್ಕೆ ಏರಿಸಿದರೆ ಅದು ನಿಲ್ಲುವ ಗಟ್ಟಿತನವೇ ಬೇರೆ. ಮಳೆಯಲ್ಲಿ ತಲೆಗೆ ಹೊದ್ದು ಹೊರಟರೆ ಬಹಳ ಹೊತ್ತು ನೀರು ಒಳಗಿಳಿಯುವುದಿಲ್ಲ.

ಕಸದ ಉಣ್ಣೆಯನ್ನು ಕಳೆದ ಬೇಸಿಗೆಯಲ್ಲಿ ನಾಲ್ಕು ನಿಂಬೆ ಗಿಡಗಳ ಬುಡಕ್ಕೆ ಹಾಸಿ ಮೇಲೆ ಮಣ್ಣು ಎಳೆದೆ. ಉಳಿದ ಗಿಡಗಳಿಗೆ ಮೂರು ದಿನಕ್ಕೊಮ್ಮೆ ನೀರು ಬಿಟ್ಟರೆ ಇವಕ್ಕೆ ಆರು ದಿನಕ್ಕೊಮ್ಮೆ ಸಾಕಾಯಿತು. ಈ ವರ್ಷದ ಹೊಟ್ಟೆ, ಕಾಲಿನ ಉಣ್ಣೆಯನ್ನೆಲ್ಲ ಇಡೀ ಸಾಲಿಗೆ ಹಾಕುತ್ತಿದ್ದೇನೆ.