ರಜಾಯಿ ಹೊದ್ದುಕೊಂಡೇ ಬೈಠಕ್ (ಕುಂತು ಏಳೋ ಕಸರತ್ತು): ಬೀದರ ಥಂಡ್ಯಾಗ ವ್ಯಾಯಾಮ ನಿಲ್ಲಿಸದ ನನ್ನ ಅನುಭವ

ಹೋದ ಥಂಡ್ಯಾಗ ದೀಪಾವಳಿ ಪಾಡ್ಯದಿಂದ ಶಿವರಾತ್ರಿ ತನಕ ಲೆಕ್ಕ ಹಿಡದ್ರ 115 ದಿನದ ಆಸುಪಾಸು ಆಗ್ತದ, ಅದ್ರಾಗ ನಾ ತಪ್ಪಿಸಿದ್ದು 16 ಇಲ್ಲ 17 ದಿನ ಅಷ್ಟೇ. ಅದೂ ಬೀದರದಾಗ, ಅದೂ ಮುಂಜಾನಿ, ಅದೂ ಮನಿ ಬಿಟ್ಟು ಹೊರಗ ಹೋಗಿ. ಹೊರಗಿನ ಮಂದಿಗಿ ಕಲ್ಯಾಣ ಕರ್ನಾಟಕ ಅಂದ್ರ ಬರೇ ಬಿಸಿಲು, ಆದ್ರ ನಮ್ಮೂರು ಎತ್ತರದಾಗ ಕುಂತದ, ಸಮುದ್ರ ಮಟ್ಟಕ್ಕಿಂತ 2,200 ಅಡಿ ಮ್ಯಾಲ, ಡಿಸೆಂಬರ್ ಜನವರಿದಾಗ ರಾತ್ರಿ 10 ಡಿಗ್ರಿ ಕೆಳಗ ಇಳಿಯೋದು ಇಲ್ಲಿ ಹೊಸದಲ್ಲ. ಕಲಬುರಗಿಯಿಂದ ಬಂದ ಬೀಗರು ಸೈತ ಸಂಜಿ ಆದ ಕೂಡ್ಲೇ ಸ್ವೆಟರ್ ಕೇಳ್ತಾರ. ನಾಲ್ಕು ಥಂಡಿಗಾಲ ಸೋತು ಐದನೇದಕ್ಕ ಗೆದ್ದೀನಿ, ಅದಕ್ಕ ಬರಿಲಕತ್ತೀನಿ. ಎಷ್ಟು ನಡಿಬೇಕು, ಹೆಂಗ ಓಡಬೇಕು ಅದೆಲ್ಲ ನಿಮಗ ಗೊತ್ತದ, ಅದನ್ನ ನಾ ಹೇಳಂಗಿಲ್ಲ.

ನಂದು ಮೋಟರ್ ವೈಂಡಿಂಗ್ ಅಂಗಡಿ. ಎಲ್ಲಾರಿಗೂ ಥಂಡಿ ಅಂದ್ರ ಮಲಗೋ ಕಾಲ, ನಮಗ ಸೀಜನ್. ಹಿಂಗಾರಿ ಕಡ್ಲಿ, ಜೋಳ, ಕಬ್ಬು, ಎಲ್ಲಾದಕ್ಕೂ ನೀರು ಬಿಡೋ ಹೊತ್ತು, ಕರೆಂಟ್ ವೋಲ್ಟೇಜ್ ಬಿದ್ದು 5 ಎಚ್‌ಪಿ, 7.5 ಎಚ್‌ಪಿ ಮೋಟರ್ ಸುಟ್ಟು ಬರ್ತಾವ, ರೈತ ಬಂದು ಅಂಗಡಿ ಮುಂದೇ ಕುಂದ್ರತಾನ, ಹೊಲ ಒಣಗಲಕತ್ತದ ಅಂತಾನ, ಅವನಿಗಿ ನಾಳಿಗಿ ಬಾ ಅನ್ನಲಾಕ ಮನಸ್ಸು ಬರಂಗಿಲ್ಲ. ಮನಿಗಿ ಬಂದು ಉಂಡು ಮಲಗೋದ್ರಾಗ 11 ಆಗ್ತದ. ಸಂಜಿ ವ್ಯಾಯಾಮ ಅಂತೂ ಆಗೋ ಮಾತಲ್ಲ, ಇರೋದು ಮುಂಜಾನಿ ಒಂದೇ.

ಪೈಲಾ ಥಂಡಿಗಿ ಜಿಮ್ ಹಚ್ಚಿದೆ. ವರ್ಷದ್ದು ಒಮ್ಮೇ ಕಟ್ಟಿದ್ರ 9,000 ಅಂದ್ರು, ಕಟ್ಟಿದೆ. ರೊಕ್ಕ ಕೊಟ್ಟೀನಿ ಅಂದ್ರ ಹೋಗೇ ಹೋಗ್ತೀನಿ ಅಂತ ನನ್ನ ಲೆಕ್ಕ ಇತ್ತು. ನವೆಂಬರ್ ಬರೋಬ್ಬರಿ ಹೋದೆ, ಡಿಸೆಂಬರ್ ಎರಡನೇ ವಾರಕ್ಕ ನಿಂತೆ. ಒಟ್ಟು 33-34 ದಿನ ಹೋಗಿರಬೇಕು, ಒಂದು ದಿನಕ್ಕ 270 ರೂಪಾಯಿ ಹತ್ರ ಬಿತ್ತು. ಎರಡನೇ ವರ್ಷ ನಾವು 11 ಮಂದಿ ಕೂಡಿ ವಾಟ್ಸಾಪ್ ಗ್ರೂಪ್ ಮಾಡಿ ದಂಡ ಇಟ್ಟೆವು, ಒಂದು ದಿನ ತಪ್ಪಿದ್ರ 20 ರೂಪಾಯಿ. ಸಂಕ್ರಾಂತಿ ಹೊತ್ತಿಗಿ 1,700 ಜಮಾ ಆಯ್ತು, ನಡಿಯೋರು ಮಾತ್ರ ಇಬ್ಬರೇ ಉಳಿದ್ರು. ಆಗ ನನಗ ತಿಳೀತು, ದಂಡ ಇಟ್ಟ ಮ್ಯಾಲ 20 ರೂಪಾಯಿ ಕೊಟ್ರ ಮಲಗಲಾಕ ಪರವಾನಗಿ ಸಿಕ್ಕಂಗ ಆಗ್ತದ. ಮೊದಲು ತಪ್ಪಿಸಿದ್ರ ಮನಸ್ಸಿಗಿ ಚುಚ್ಚತಿತ್ತು, ಈಗ ರೊಕ್ಕ ಕೊಟ್ಟೀನಲ್ಲ ಅಂತ ಅದೂ ಹೋಯ್ತು. ದಂಡದ ಮಾತು ಯಾರರ ಎತ್ತಿದ್ರ ನಾ ಈಗ ಬ್ಯಾಡೇ ಬ್ಯಾಡ ಅಂತೀನಿ.

ಮೂರನೇದು ಟ್ರೆಡ್‌ಮಿಲ್. ಹೈದ್ರಾಬಾದ್‌ನಾಗ ಒಬ್ಬರ ಹತ್ರ ಕೆಟ್ಟದ್ದು ಬಿದ್ದಿತ್ತು, 4,000ಕ್ಕ ತಂದೆ, ಗಾಡಿ ಬಾಡಿಗಿ ಬ್ಯಾರೆ. ಡಿಸಿ ಮೋಟರ್, ಕಾರ್ಬನ್ ಬ್ರಷ್ ಸವದಿತ್ತು, ಕಮ್ಯುಟೇಟರ್ ಕರ್ರಗ ಆಗಿತ್ತು, ಅದನ್ನ ಒಂದು ಐತವಾರ ಕುಂತು ತಿಕ್ಕಿ ಕಟ್ಟಿದೆ, ಕಂಟ್ರೋಲ್ ಬೋರ್ಡ್ ಮಾತ್ರ ಹೊಸದು ತರಿಸಬೇಕಾಯ್ತು, 2,500. ಹೊಸ ಮಶಿನ್ ಓಡಿದಂಗ ಓಡ್ತು, ಇದನ್ನ ನಾ ಹೆಮ್ಮಿಲಿಂದ ಹೇಳ್ತೀನಿ. ಆದ್ರ ಮಶಿನ್ ಮನ್ಯಾಗೇ ಅದ ಅಂದ ಮ್ಯಾಲ ಯಾವಾಗ ಬೇಕಾದ್ರೂ ಮಾಡಬಹುದು ಅನಿಸ್ತದ, ಹಂಗ ಅನಿಸಿತು ಅಂದ್ರ ಯಾವಾಗೂ ಆಗಂಗಿಲ್ಲ. ಕೆಳಗಿನ ಮನಿಯವ್ರು ಸೈತ ದಡ ದಡ ಸಪ್ಪಳಕ್ಕ ಬ್ಯಾಸರ ಮಾಡ್ಕೊಂಡ್ರು. ಮಾರ್ಚದಾಗ 9,500ಕ್ಕ ಮಾರಿದೆ. ಐದು ವರ್ಷದಾಗ ವ್ಯಾಯಾಮದಿಂದ ನನಗ ಲಾಭ ಬಂದದ್ದು ಅದೊಂದೇ ಸಲ.

ನಾಲ್ಕನೇ ವರ್ಷ ಭಾಳ ಹಟ ಮಾಡಿದೆ. 3,800 ರೂಪಾಯಿ ಬೂಟು, 5ಕ್ಕ ಅಲಾರಂ, ಎದ್ದವನೇ ಓಡೋದು. ಮೈ ಕಟ್ಟಿಗಿ ಹಂಗ ಸೆಟದಿರ್ತದ, ಅದನ್ನ ಬಿಸಿ ಮಾಡದೇ ಓಡಿಸಿದ್ರ ಏನಾಗ್ತದ, ಎಡಗಾಲ ಮೀನಖಂಡ ಹಿಡೀತು. ಡಾಕ್ಟರು, ಗುಳಿಗಿ, ಎಣ್ಣಿ ಎಲ್ಲ ಕೂಡಿ 1,400 ಖರ್ಚು, 18-20 ದಿನ ಮನ್ಯಾಗ. ಕಾಲು ನೆಟ್ಟಗ ಆದ್ರೂ ಆಮ್ಯಾಲ ಹೋಗ್ಲಿಲ್ಲ.

ಆ ಮಲಗಿದ್ದ ದಿನದಾಗೇ ನಾ ಹಳೇ ಕ್ಯಾಲೆಂಡರ್ ತಗದು ಕುಂತೆ. ನಮ್ಮ ಅಂಗಡ್ಯಾಗ ಮೋಟರ್ ಸುಟ್ರ ಪೈಲೆ ಕೇಳೋದು ಎಲ್ಲಿ ಸುಟ್ಟದ ಅಂತ, ಸ್ಟಾರ್ಟ್ ಆಗೋ ಹೊತ್ತಿಗಿ ಏನು, ಓಡೋ ಹೊತ್ತಿಗಿ ಏನು. ನನ್ನ ಲೆಕ್ಕನೂ ಹಂಗೇ ನೋಡಿದೆ. ನಾಲ್ಕು ಥಂಡಿಗಾಲದಾಗ ಗೇಟ್ ದಾಟಿದ ಮ್ಯಾಲ ಥಂಡಿ ಅದ ಅಂತ ತಿರುಗಿ ಬಂದ ದಿನ ಒಂದೂ ನೆನಪಿಲ್ಲ. ತಪ್ಪಿದ್ದೆಲ್ಲ ಹಾಸಗಿಯಿಂದ ಗೇಟ್ ತನಕ ಇರೋ ಜಾಗದಾಗೇ. ಅಂದ್ರ ಓಡೋದ್ರಾಗ ಏನೂ ತೊಂದ್ರಿ ಇಲ್ಲ, ಸ್ಟಾರ್ಟಿಂಗ್‌ದಾಗೇ ಎಲ್ಲ ತೊಂದ್ರಿ. ಗಡಿಯಾರ ಹಿಡದು ನೋಡಿದೆ, ಎದ್ದು, ಶಹಾಬಾದಿ ಫರಸಿ ಮ್ಯಾಲ ಬರಿಗಾಲು ಇಟ್ಟು, ತಣ್ಣಗಿನ ನೀರಿಲೆ ಮಾರಿ ತೊಳದು, ಕಾಲುಚೀಲ ಹುಡುಕಿ, ಥಂಡಿ ಹಿಡದ ಅಂಗಿ ತೊಟ್ಟು, ಬೂಟಿನ ಲೇಸ್ ಕಟ್ಟಿ ಹೊರಗ ಬರಲಾಕ 15 ನಿಮಿಷ. ಆ 15 ನಿಮಿಷದಾಗ ಮನಸ್ಸು ಹತ್ತು ಸಲ ಕೇಳ್ತದ, ಇವತ್ತು ಬಿಡ್ಲ್ಯಾ ಅಂತ. ಒಂದು ಸಲ ಹೂಂ ಅಂದ್ರ ಮುಗೀತು.

ಹಂಗಾದ್ರ 15 ನಿಮಿಷ 6ಕ್ಕ ಇಳಿಸಬೇಕು, ಆ 6 ನಿಮಿಷದಾಗೂ ಮೈಗಿ ಥಂಡಿ ಮುಟ್ಟಬಾರ್ದು. ನಾ ಮಾಡಿದ್ದೆಲ್ಲ ಇಷ್ಟೇ.

ನಮ್ಮ ಓಣ್ಯಾಗ ಒಬ್ಬ ಕಾಕಾ ಅವ್ರ, 70 ದಾಟ್ಯಾರ, ಸಣ್ಣವ್ರಿದ್ದಾಗ ತಾಲೀಮದಾಗ, ಅಂದ್ರ ಗರಡಿ ಮನ್ಯಾಗ, ಕುಸ್ತಿ ಮಾಡಿದವ್ರು. ನನ್ನ ಕಾಲು ನೋಡಿ, "ತಮ್ಮಾ, ನಾವು ತಾಲೀಮದಾಗ ಪೈಲೆ ಬೈಠಕ್ ಹೊಡಿತಿದ್ವಿ, ಮೈ ಬಿಸಿ ಆದ ಮ್ಯಾಲೇ ಮಣ್ಣಿಗಿ ಇಳಿತಿದ್ವಿ, ನೀ ಎದ್ದವನೇ ಓಡಿದ್ರ ಹೆಂಗ" ಅಂದ್ರು. ಮಾತು ಬರೋಬ್ಬರಿ ಇತ್ತು, ಆದ್ರ ಬೈಠಕ್ ಹೊಡಿಬೇಕಂದ್ರ ರಜಾಯಿ ಬಿಡಬೇಕಲ್ಲ, ಬಿಡೋದೇ ಆಗ್ತಿದ್ದಿಲ್ಲ. ಒಂದಿನ ಹೊಳೀತು, ಬಿಡೋದ್ಯಾಕ, ರಜಾಯಿ ಸಮೇತನೇ ಏಳಬಹುದಲ್ಲ. ಮರುದಿನ ರಜಾಯಿ ಹೆಗಲ ಮ್ಯಾಲಿಂದ ಸುತ್ಕೊಂಡೇ ಮಂಚದ ಬಾಜೂಕ ನಿಂತು ಬೈಠಕ್ ಚಾಲೂ ಮಾಡಿದೆ. 12-13ಕ್ಕ ಕುತ್ತಿಗಿ ಬಿಸಿ, 20ಕ್ಕ ಉಸಿರು, 25 ಆಗೋದ್ರಾಗ ನಾನೇ ರಜಾಯಿ ತಗದು ಒಗದೆ. ಥಂಡಿಗಿ ಅಂಜಿ ರಜಾಯಿ ಹಿಡ್ಕೊಂಡಿದ್ದವನು ಸೆಕಿ ಆಗಿ ಒಗದ್ರ, ಮತ್ತ ಮಲಗೋ ಮಾತೇ ಬರಂಗಿಲ್ಲ. ಎರಡು ನಿಮಿಷದ ಕೆಲಸ.

ಕಾಕಾಗ ಹೇಳಿದೆ. "ರಜಾಯಿ ಹೊದ್ದುಕೊಂಡು ಯಾರರ ಬೈಠಕ್ ಹೊಡಿತಾರೇನೋ, ಹದಿನೈದು ದಿನ ನೋಡ್ತೀನಿ" ಅಂದ್ರು. ವಾಕಿಂಗ್ ಗೆಳ್ಯಾರಂತೂ ನಕ್ಕೇ ನಕ್ಕರು, ಇದು ಎಳ್ಳ ಅಮಾಸಿ ತನಕ ನಡೀತದ ಅಷ್ಟೇ ಅಂದ್ರು. ನಾ ಏನೂ ಉತ್ರ ಕೊಡ್ಲಿಲ್ಲ, ಗ್ವಾಡಿ ಕ್ಯಾಲೆಂಡರ್ ಮ್ಯಾಲ ಕೆಂಪು ಪೆನ್ನಿಲೆ ಗೀಟು ಹಾಕ್ಕೋತ ಹೋದೆ.

ಉಳಿದ ತಯಾರಿ ರಾತ್ರಿನೇ ಮುಗಿಬೇಕು. ಓಡೋ ಪ್ಯಾಂಟು, ಅಂಗಿ ರಜಾಯಿ ಒಳಗ ಕಾಲ ಹತ್ರ ಇಟ್ಟು ಮಲಗ್ತೀನಿ, ಮುಂಜಾನಿ ಇಸ್ತ್ರಿ ಮಾಡಿದಂಗ ಬಿಸಿ ಇರ್ತಾವ. ಕಾಲುಚೀಲ ಹಾಕ್ಕೊಂಡೇ ಮಲಗೋದು. ಬೂಟು ಬಾಗ್ಲ ಹೊರಗ ಅಲ್ಲ, ಮಂಚದ ಬಾಜೂಕ ಗೋಣಿ ಚೀಲದ ಮ್ಯಾಲ, ಲೇಸ್ ಪೂರಾ ಸಡ್ಲ ಮಾಡಿ ಬಾಯಿ ತಗದು. ಫರಸಿಗಿ ಕಾಲು ಮುಟ್ಟಬಾರ್ದು, ಅದು ಮುಖ್ಯ. ಥರ್ಮಾಸ್‌ನಾಗ ಜೀರಗಿ ನೀರು. ಫೋನ್ ಅಡಗಿ ಮನ್ಯಾಗ. ಮಾರಿ ತೊಳಿಯೋದು ವಾಪಸ್ ಬಂದ ಮ್ಯಾಲ.

ಫೋನ್ ದೂರ ಇಟ್ರ ಅಲಾರಂ ಯಾವುದು ಅಂತ ಕೇಳ್ತೀರಿ. ಇಲ್ಲಿ ನನ್ನ ಕಸುಬು ಕೆಲಸಕ್ಕ ಬಂತು. ಅಂಗಡಿ ಗುಜರಿದಾಗ ಒಂದು ಹಳೇ ಟೈಮರ್ ಸ್ವಿಚ್ ಇತ್ತು, ಬೋರ್ಡ್ ಲೈಟಿಗಿ ಹಾಕೋದು. ಅದಕ್ಕ ಪೈಲೆ ಸೀಲಿಂಗ್ ಫ್ಯಾನ್ ಜೋಡಿಸಿ ನೋಡಿದೆ, 6 ಹೊಡದ ಕೂಡ್ಲೇ ಫ್ಯಾನ್ ತಿರುಗಿದ್ರ ಮಲಗಲಾಕ ಆಗಂಗಿಲ್ಲ ಅಂತ. ಮಗಳಿಗಿ ನೆಗಡಿ ಆಯ್ತು, ಮನಿಯವಳು "ರೀ, ನಿಮ್ಮ ವ್ಯಾಯಾಮದ ಸಲುವಾಗಿ ಕೂಸಿಗಿ ಜಡ್ಡು ಮಾಡ್ತೀರೇನು" ಅಂದ್ಳು, ಅವಳ ಮಾತು ಖರೇ ಇತ್ತು, ಎರಡೇ ದಿನಕ್ಕ ತಗದೆ. ಆಮ್ಯಾಲ ಅದಕ್ಕೇ ಬಲ್ಬ್ ಹಾಕಿದೆ. ಎಲ್‌ಇಡಿ ಬರೋಬ್ಬರಿ ಆಗ್ಲಿಲ್ಲ, ಬಿಳೇ ಬೆಳಕಿಗಿ ಎಚ್ಚರ ಆಗ್ತದ, ಕಣ್ಣು ಉರೀತಾವ, ಏಳಬೇಕು ಅನಸಂಗಿಲ್ಲ. ಹಳೇ ಕಾಲದ 100 ವ್ಯಾಟ್ ತಂತಿ ಬಲ್ಬ್ ಎರಡು ಹುಡುಕಿ ಹಾಕಿದೆ, ಹಳದಿ ಬೆಳಕು, ಬಿಸಿಲು ಬಂದಂಗ ಕಾಣ್ತದ. ಎರಡೂ ಒಮ್ಮೇ ಹತ್ತಂಗಿಲ್ಲ. ನಡುವ ಎಷ್ಟು ನಿಮಿಷ ಬಿಡಬೇಕು, ಯಾವ ಬಲ್ಬ್ ಯಾವ ಕಡಿ ಇರಬೇಕು ಅನ್ನೋದ್ರಾಗೇ ಎಲ್ಲಾ ಅದ, ಅದು ನನ್ನ ಹತ್ರನೇ ಇರ್ಲಿ, ಒಂದು ತಿಂಗಳು ತಲಿ ಕೆಡಿಸ್ಕೊಂಡು ಕಂಡುಹಿಡದೀನಿ.

ಹೊತ್ತಿನ ವಿಷಯದಾಗೂ ಮಂದಿ ಜೋಡಿ ನಂದು ಜಗಳ. 5ಕ್ಕೇ ಹೋಗಬೇಕು, ಇಲ್ಲಂದ್ರ ಅದು ವ್ಯಾಯಾಮನೇ ಅಲ್ಲ ಅನ್ನೋರು ಭಾಳ ಮಂದಿ. ಜನವರಿದಾಗ ಇಲ್ಲಿ ಸೂರ್ಯ ಹುಟ್ಟೋದೇ 6:50ರ ಸುಮಾರಿಗಿ. 5ಕ್ಕ ಎದ್ರ ಹೋಗೋದೂ ಕತ್ತಲ್ಯಾಗ, ಬರೋದೂ ಕತ್ತಲ್ಯಾಗ, ಮೈಗಿ ಏನು ಖುಷಿ. ನಾ 6:05ಕ್ಕ ಎದ್ದು, 6:11ಕ್ಕ ಗೇಟ್ ಹೊರಗ. ಮನಿ ಹಳೇ ಊರಾಗ, ಚೌಬಾರಾ ಅನ್ನೋ ಹಳೇ ಕಾವಲು ಗೋಪುರದಿಂದ ಕೋಟಿ (ಕಿಲ್ಲಾ) ಕಡಿ ನಡದು, ಅಲ್ಲಿಂದ ನಿಧಾನ ಓಡಿ, ತಿರುಗಿ ಬರೋ ಹೊತ್ತಿಗಿ ಮದರಸಾ ಮುಂದ ಬರ್ತೀನಿ. 1472ರಾಗ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ ಕಟ್ಟಿಸಿದ್ದು, ಅದರ ಮಾರಿ ಮೂಡಣ ದಿಕ್ಕಿಗಿ ಅದ, ಪೈಲಾ ಬಿಸಿಲು ಉಳಿದಿರೋ ಒಂದು ಮಿನಾರದ ಮ್ಯಾಲ, ಅದರ ನೀಲಿ ಹೆಂಚಿನ ತುಂಡಿನ ಮ್ಯಾಲ ಬೀಳ್ತದ. ಆ ಬಿಸಿಲಿಗಿ ಬೆನ್ನು ಹಚ್ಚಿ ಐದು ನಿಮಿಷ ನಿಂದ್ರೋದು ನನಗ ಚಾ ಕುಡದಂಗ. ಹಾಸಗ್ಯಾಗ ಇದ್ದಾಗ ಓಡೋದು ನೆನೆಸಂಗಿಲ್ಲ, ಆ ಬಿಸಿಲೇ ನೆನೆಸ್ತೀನಿ. ಇನ್ನೂ ಒಂದು ಮಾತು, ಥಂಡ್ಯಾಗ ಬಿಪಿ ಏರ್ತದ, ಬಿಪಿ ಇದ್ದವ್ರು, ಎದಿ ತ್ರಾಸ ಇದ್ದವ್ರು ನಸಿಕಿನ್ಯಾಗ ಹಟ ಮಾಡಬ್ಯಾಡ್ರಿ, ಡಾಕ್ಟರಿಗಿ ಕೇಳಿ ಬಿಸಿಲು ಬಿದ್ದ ಮ್ಯಾಲೇ ಹೋಗ್ರಿ.

ನಡುವ ಸೈಕಲ್ಲೂ ನೋಡಿದೆ. ಗೆಳ್ಯಾಂದು ತಗೊಂಡು ಅಷ್ಟೂರ ಗುಮ್ಮಟಗಳ ಕಡಿ ಹೋದೆ, ಹೋಗೋವಾಗ ಇಳಿಜಾರು, ಗಾಳಿಗಿ ಬೆರಳು ಸೆಟದು ಬ್ರೇಕ್ ಹಿಡಿಲಾಕ ಬರ್ಲಿಲ್ಲ. ಬರೋವಾಗ ಏರು ಹತ್ತಿದ್ರ ಮೈ ತುಂಬ ಬೆವರು, ಆ ಬೆವರಿಗಿ ಗಾಳಿ ಬಡದು ಮತ್ತ ಥಂಡಿ. ಮೂರೇ ದಿನ. ಸೈಕಲ್ ಏನಿದ್ರೂ ಫೆಬ್ರವರಿ ಆದ ಮ್ಯಾಲ.

ಎಳ್ಳ ಅಮಾಸಿಗಿ ಗೆಳ್ಯಾರ ಮಾತು ಖರೇ ಆಗೋದಿತ್ತು. ಹೊಲಕ್ಕ ಹೋಗಿ ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಹೊಟ್ಟಿ ಬಿರಿಯೋ ಹಂಗ ಉಂಡೀವಿ, ಮರುದಿನ ಏಳ್ಲಿಲ್ಲ, ಅದರ ಮರುದಿನ ಬೀಗರ ಮನಿ, ಮೂರನೇ ದಿನ ಅಂಗಡ್ಯಾಗ ಕೆಲಸ ತುಂಬಿತ್ತು, ನಾಲ್ಕನೇ ದಿನ ಬಲ್ಬ್ ಹತ್ತಿದ್ರೂ ಮಾರಿ ಆ ಕಡಿ ತಿರುಗಿಸಿ ಮಲಗಿದೆ. ಹಿಂದಿನ ವರ್ಷ ಎಲ್ಲಾ ಇಲ್ಲೇ ಮುಗಿತಿತ್ತು. ಐದನೇ ದಿನ ನಾ ಒಂದು ತೀರ್ಮಾನ ಮಾಡಿದೆ, ಇವತ್ತು ಓಡೋದು ಬ್ಯಾಡ, ರಜಾಯಿ ಒಳಗ 10 ಬೈಠಕ್ ಹೊಡದು ಗೇಟ್ ಮುಟ್ಟಿ ಬಂದ್ರ ಆ ದಿನದ ಗೀಟು ಹಾಕೋದು. ಗೇಟಿಗಿ ಹೋದೆ, ಹೋದ ಮ್ಯಾಲ ಚೌಬಾರಾ ತನಕ ಹೋಗಿ ಬಂದೆ, ಆರನೇ ದಿನ ಮತ್ತ ಕೋಟಿ ತನಕ. ಕಾಲು ಬಿದ್ದ ದಾರಿ ಮೈಗಿ ನೆನಪಿರ್ತದ. ತಪ್ಪಿಸಿದ 16-17ರಾಗ ಒಮ್ಮೇ ಸಾಲಾಗಿ ತಪ್ಪಿದ್ದು ಅವೇ ನಾಲ್ಕು, ಉಳಿದಿದ್ದು ಮದಿವಿ, ಜ್ವರ, ರಾತ್ರಿ 1 ತನಕ ವೈಂಡಿಂಗ್.

ತಿನ್ನೋದ್ರಾಗ ಒಂದು ತಪ್ಪು ಮಾಡೀನಿ. ಥಂಡಿಗಿ ಅಂಟಿನುಂಡಿ ಮಾಡ್ತಾರಲ್ಲ, ಓಡಿ ಬರ್ತೀನಲ್ಲ ಅಂತ ದಿನಾ ಎರಡು ತಿಂದೆ, ಡಿಸೆಂಬರ್‌ದಾಗ ತೂಕ 2 ಕೆಜಿ ಏರಿತು. ಒಂದಕ್ಕ ಇಳಿಸಿದೆ, ಅದೂ ಓಡಿ ಬಂದ ದಿನ ಮಾತ್ರ. ನೀರು ಸೈತ ಥಂಡ್ಯಾಗ ಕುಡಿಯೋದು ಮರೀತೀವಿ, ಕಾಲು ಹಿಡಿಯೋದಕ್ಕ ಅದೂ ಒಂದು ಕಾರಣ ಅಂತ ನನ್ನ ಅನುಭವ.

ಶಿವರಾತ್ರಿಗಿ ಚಳಿ ಶಿವ ಶಿವ ಅಂತ ಹೋಗ್ತದ ಅಂತಾರಲ್ಲ, ಆ ಹೊತ್ತಿಗಿ ತೂಕ 87ರಿಂದ 81ಕ್ಕ ಬಂದಿತ್ತು, ಪ್ಯಾಂಟು 38 ಹೋಗಿ 36 ಆಯ್ತು. ನಕ್ಕವ್ರಾಗ ಇಬ್ಬರು ಈಗ ಹಂಗೇ ಮಾಡ್ತಾರ, ಕಾಕಾ ಏನೂ ಅಂದಿಲ್ಲ, ಆದ್ರ ನನ್ನ ಬೈಠಕ್ ನೋಡಿ "ಮೊಣಕಾಲು ಒಳಗ ಬರ್ಲಕತ್ತಾವ, ಹೊರಗ ಇಡು" ಅಂತ ತಿದ್ದಿದ್ರು. ಒಟ್ಟು ಖರ್ಚು ಆ ವರ್ಷ 700 ದಾಟಿಲ್ಲ, ಅದ್ರಾಗ ದೊಡ್ಡದು ರಜಾಯಿದೇ. ಭಾರದ ರಜಾಯಿ ಹೊದ್ದುಕೊಂಡು ಬೈಠಕ್ ಆಗಂಗಿಲ್ಲ, ಹೆಗಲು ಜಗ್ಗತದ, ತುದಿ ಕಾಲಿಗಿ ಸಿಗ್ತದ, ನಾ ಎರಡು ಸಲ ಮುಗ್ಗರಿಸಿ ಬೀಳೋದಿತ್ತು. ಹಳೇ ಡಬಲ್ ರಜಾಯಿ ಬಿಚ್ಚಿ ಹತ್ತಿ ಪಿಂಜಿಸಿ, ಅರ್ಧ ಹತ್ತಿ ಹಾಕಿ ಮೊಣಕಾಲ ತನಕ ಬರೋ ಹಂಗ ಗಿಡ್ಡಂದು ಒಂದು ಹೊಲಿಸಿದೆ, 450 ತಗೊಂಡ್ರು. ಕೌದಿನೂ ನಡೀತದ, ಆದ್ರ ನಾಲ್ಕು ಪದರಕ್ಕಿಂತ ಹೆಚ್ಚಿಂದು ಬ್ಯಾಡ. ಹೊಲಿಸೋದಿದ್ರ ದಸರಾ ಮುಂಚೇ ಕೊಡ್ರಿ, ದೀಪಾವಳಿ ಹತ್ರ ಬಂದ್ರ ಪಿಂಜಾರ ಮಂದಿಗಿ ಪುರಸೊತ್ತು ಇರಂಗಿಲ್ಲ.