ಶಿರಸಿಯಿಂದ 74 ಡಿಗ್ರಿ: ಬಣ್ಣ ಹಿಡಿದು ಉಪಗ್ರಹ ಗುರುತಿಸುವುದು

ಭೂಸ್ಥಿರ ಉಪಗ್ರಹದ ಆಕಾರ ದೂರದರ್ಶಕದಲ್ಲೂ ಕಾಣುವುದಿಲ್ಲ. 35,786 ಕಿ.ಮೀ. ಎತ್ತರದಲ್ಲಿ ಅದು 10ರಿಂದ 13ನೇ ಕಾಂತಿಮಾನದ (ಅಂಕಿ ಹೆಚ್ಚಿದಷ್ಟೂ ಬೆಳಕು ಕಡಿಮೆ) ಒಂದು ಚುಕ್ಕಿ, ಅಷ್ಟೇ. ಒಂದೇ ಚುಕ್ಕಿಯಾದರೆ ಗುರುತಿಸಲು ತೊಂದರೆಯಿಲ್ಲ. ಆದರೆ 74 ಡಿಗ್ರಿ ಪೂರ್ವ ರೇಖಾಂಶದಂಥ ಜಾಗದಲ್ಲಿ ಒಂದಕ್ಕಿಂತ ಹೆಚ್ಚು ಉಪಗ್ರಹಗಳನ್ನು ಇಟ್ಟಿರುತ್ತಾರೆ. 2016ರಲ್ಲಿ ಹಾರಿದ ಇನ್ಸಾಟ್-3ಡಿಆರ್ ಮತ್ತು ಜಿಸ್ಯಾಟ್-18 ಎರಡಕ್ಕೂ ಕೊಟ್ಟ ಜಾಗ ಅದೇ. ಸುಮಾರು 0.2 ಡಿಗ್ರಿಯ ಚೌಕದೊಳಗೆ ಇವು ಓಲಾಡುತ್ತಿರುತ್ತವೆ. ಸಂಜೆ ಎಡಗಡೆ ಇದ್ದದ್ದು ಬೆಳಗಿನ ಜಾವ ಬಲಕ್ಕೆ ಹೋಗಿರುತ್ತದೆ. ಸಾರ್ವಜನಿಕವಾಗಿ ಸಿಗುವ ಕಕ್ಷೆಯ ಅಂಕಿಗಳಾದ ಟಿಎಲ್‌ಇ ಲೆಕ್ಕದಲ್ಲಿ ಕೆಲವು ಕಿಲೋಮೀಟರ್ ತಪ್ಪು ಸಹಜ. ಎರಡು ಚುಕ್ಕಿ ಹತ್ತಿರ ಬಂದು ದೂರವಾದ ಮೇಲೆ ಯಾವುದು ಯಾವುದೆಂದು ಜಾಗ ನೋಡಿ ಹೇಳಿದರೆ ಅದಲುಬದಲು ಆಗಿಯೇ ಆಗುತ್ತದೆ. ಆಗ ಕೈಹಿಡಿಯುವುದು ಬಣ್ಣ. ಅದೂ ಒಂದು ರಾತ್ರಿ ಒಮ್ಮೆ ಅಳೆದ ಬಣ್ಣವಲ್ಲ, ಗಂಟೆಗಂಟೆಗೆ ಬಣ್ಣ ಹೇಗೆ ಬದಲಾಯಿತು ಎಂಬ ಗೆರೆ.

ಈ ಕೆಲಸಕ್ಕೆ ಶಿರಸಿ ಹೇಳಿ ಮಾಡಿಸಿದ ಜಾಗ. ಅಕ್ಷಾಂಶ 14.6, ರೇಖಾಂಶ 74.8. 74 ಡಿಗ್ರಿಯ ಗುಂಪು ಇಲ್ಲಿಂದ ದಕ್ಷಿಣಕ್ಕೆ, ಮೂರು ಡಿಗ್ರಿಯಷ್ಟು ಪಶ್ಚಿಮಕ್ಕೆ ವಾಲಿ, 73 ಡಿಗ್ರಿ ಎತ್ತರದಲ್ಲಿ ನಿಂತಿರುತ್ತದೆ. ಡಿಕ್ಲಿನೇಶನ್, ಅಂದರೆ ಖಗೋಳ ವಿಷುವದ್ವೃತ್ತದಿಂದ ಇರುವ ಕೋನ, ಸುಮಾರು ಮೈನಸ್ 2.5 (ಮೈನಸ್ ಎಂದರೆ ದಕ್ಷಿಣಕ್ಕೆ). ಆ ಸಣ್ಣ ಓಲಾಟ ಬಿಟ್ಟರೆ ಉಪಗ್ರಹ ಕದಲುವುದಿಲ್ಲವಾದ್ದರಿಂದ ಅದರ ಬೆಳಕು ಹಾದುಬರುವ ಗಾಳಿಯ ದಪ್ಪವೂ ರಾತ್ರಿಯಿಡೀ ಒಂದೇ, ನೆತ್ತಿಯ ಮೇಲಿನದ್ದರ 1.05 ಪಟ್ಟು. ಇನ್ನೊಂದು ಅನುಕೂಲ: ಖಗೋಳಜ್ಞ ಲ್ಯಾಂಡೋಲ್ಟ್ ಅಳೆದ ಪ್ರಮಾಣ ನಕ್ಷತ್ರಗಳು (ಕಾಂತಿ, ಬಣ್ಣ ಖಚಿತವಾಗಿ ಗೊತ್ತಿರುವಂಥವು) ಹೆಚ್ಚಾಗಿ ಖಗೋಳ ವಿಷುವದ್ವೃತ್ತದ ಮೇಲೇ ಇವೆ. ಅಂದರೆ ಅವು ನೆತ್ತಿ ರೇಖೆ (ನೆತ್ತಿಯ ಮೇಲೆ ಉತ್ತರ-ದಕ್ಷಿಣ ಹಾಯುವ ಗೆರೆ) ದಾಟುವಾಗ ಉಪಗ್ರಹದ ಪಕ್ಕದಲ್ಲೇ, ಅದೇ ಗಾಳಿಯಲ್ಲಿ ಹಾಯುತ್ತವೆ.

ಸಲಕರಣೆ ದೊಡ್ಡದೇನಲ್ಲ. 150 ಮಿ.ಮೀ. ಕನ್ನಡಿಯ ನ್ಯೂಟೋನಿಯನ್ ದೂರದರ್ಶಕ, ನಾಭಿದೂರ 750 ಮಿ.ಮೀ. 3.76 ಮೈಕ್ರಾನ್ ಪಿಕ್ಸೆಲ್‌ನ ಕಪ್ಪುಬಿಳುಪು ಸಿಮಾಸ್ ಕ್ಯಾಮೆರಾ. ಅದರ ಮುಂದಿನ ಗಾಜು ಅವಕೆಂಪನ್ನು ತಡೆಯದ ಬಗೆಯದ್ದಾಗಿರಬೇಕು. ಬಿ (ನೀಲಿ), ವಿ (ಹಸಿರು-ಹಳದಿ), ಆರ್ (ಕೆಂಪು) ಫಿಲ್ಟರ್‌ಗಳ ಚಕ್ರ. ಬೆಳಕನ್ನು ಬಣ್ಣಗಳ ಪಟ್ಟಿಯಾಗಿ, ಅಂದರೆ ರೋಹಿತವಾಗಿ, ಹರಡುವ ಮಿಲಿಮೀಟರಿಗೆ 100 ಗೆರೆಯ ಸ್ಟಾರ್ ಅನಲೈಸರ್ ಗ್ರೇಟಿಂಗ್, ಅದನ್ನೂ ಫಿಲ್ಟರ್ ಚಕ್ರದ ಒಂದು ಕುಳಿಯಲ್ಲೇ ಕೂರಿಸಿದ್ದೇನೆ. ಲೆನ್ಸಿನ ದೂರದರ್ಶಕ ಬೇಡ: ತರಂಗಾಂತರ (ಬೆಳಕಿನ ಅಲೆಯ ಉದ್ದ; ಒಂದು ಆಂಗ್‌ಸ್ಟ್ರಾಂ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು) 8000 ಆಂಗ್‌ಸ್ಟ್ರಾಂ ಆಚೆ ಅದರ ಫೋಕಸ್ ಬೇರೆ ಕಡೆ ಓಡುತ್ತದೆ. ಕನ್ನಡಿಗೆ ಆ ರೋಗವಿಲ್ಲ.

ಮೊದಲು ಫಿಲ್ಟರ್ ಅಳತೆ. ಮೌಂಟಿನ ಮೋಟಾರ್ ನಿಲ್ಲಿಸಿ 10 ಸೆಕೆಂಡಿನ ಚಿತ್ರ ತೆಗೆದರೆ ನಕ್ಷತ್ರಗಳು 150 ಆರ್ಕ್‌ಸೆಕೆಂಡ್ ಉದ್ದದ ಗೆರೆಯಾಗುತ್ತವೆ, ಉಪಗ್ರಹಗಳು ಚುಕ್ಕಿಯಾಗಿ ಉಳಿಯುತ್ತವೆ. ಬಿ-ವಿ-ಆರ್-ವಿ-ಬಿ ಎಂಬ ಕ್ರಮದಲ್ಲಿ ತೆಗೆಯಬೇಕು. ಬರೀ ಬಿ ಆದಮೇಲೆ ವಿ ತೆಗೆದು ಕಳೆದರೆ, ನಡುವಿನ ಒಂದು ನಿಮಿಷದಲ್ಲಿ ಉಪಗ್ರಹದ ಕಾಂತಿ ಏರಿದ್ದೂ ಬಣ್ಣವೆಂದೇ ಲೆಕ್ಕಕ್ಕೆ ಬೀಳುತ್ತದೆ. ಎರಡೂ ತುದಿಯ ಬಿ ಸರಾಸರಿ ತೆಗೆದರೆ ಆ ತಪ್ಪು ಬಹುಪಾಲು ಹೋಗುತ್ತದೆ. ಬಂದ ಬಿ-ವಿ ಅಂಕಿಯನ್ನು (ಬಿ ಕಾಂತಿಮಾನದಿಂದ ವಿ ಕಳೆದದ್ದು; ಹೆಚ್ಚಾದಷ್ಟೂ ಕೆಂಪು) ಸೂರ್ಯನ 0.65ಕ್ಕೆ ಹೋಲಿಸಿ ನೋಡಬೇಕು. ಉಪಗ್ರಹಕ್ಕೆ ಸ್ವಂತ ಬೆಳಕಿಲ್ಲವಲ್ಲ, 0.65ಕ್ಕಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂಬುದಷ್ಟೇ ಅದರ ಮೈಯ ಬಣ್ಣ.

ರೋಹಿತದ ಕೆಲಸ ಇದಕ್ಕಿಂತ ರಗಳೆಯದು. ಗ್ರೇಟಿಂಗ್‌ನಿಂದ ಸೆನ್ಸರ್‌ಗೆ 40 ಮಿ.ಮೀ. ಇಟ್ಟರೆ ಪಿಕ್ಸೆಲ್‌ಗೆ 9.4 ಆಂಗ್‌ಸ್ಟ್ರಾಂ ಬರುತ್ತದೆ. ಪಿಕ್ಸೆಲ್ ಗಾತ್ರವನ್ನು ಮೈಕ್ರಾನ್‌ನಲ್ಲಿ ತೆಗೆದುಕೊಂಡು ನೂರರಿಂದ ಗುಣಿಸಿ, ಮಿಲಿಮೀಟರಿನ ಅಂತರದಿಂದ ಭಾಗಿಸಿದರೆ ಆಯಿತು. ರೋಹಿತ ಹರಡುವ ದಿಕ್ಕು ಪೂರ್ವ-ಪಶ್ಚಿಮ ಇರಲಿ. ಉತ್ತರ-ದಕ್ಷಿಣಕ್ಕೆ ಹರಡಿದರೆ ಹಾಯುವ ಪ್ರತಿ ನಕ್ಷತ್ರದ ಗೆರೆಯೂ ಉಪಗ್ರಹದ ರೋಹಿತವನ್ನು ಅಡ್ಡ ಕಡಿಯುತ್ತದೆ. ಪೂರ್ವ-ಪಶ್ಚಿಮವಾದರೆ ಅದೇ ಸಾಲಿನಲ್ಲಿರುವ ನಕ್ಷತ್ರವಷ್ಟೇ ಕೆಡಿಸುತ್ತದೆ. ಎರಡು ಉಪಗ್ರಹ ಒಂದೇ ಸಾಲಿಗೆ ಬಂದರೆ ಮಾತ್ರ ಗ್ರೇಟಿಂಗನ್ನು 20 ಡಿಗ್ರಿಯಷ್ಟು ತಿರುಗಿಸುತ್ತೇನೆ. (ಕೆಳಕಕ್ಷೆಯ ಉಪಗ್ರಹಕ್ಕೆ ಲೆಕ್ಕ ತಿರುವುಮುರುವು: ಅದು ಓಡುವ ದಾರಿಗೆ ರೋಹಿತ ಅಡ್ಡಲಾಗಿರಬೇಕು.) ಫೋಕಸ್ ಮಾಡಬೇಕಾದ್ದು ಚುಕ್ಕಿಯ ಮೇಲಲ್ಲ, ರೋಹಿತದ ಹಸಿರು ಭಾಗದ ಮೇಲೆ, ಎರಡೂ ಒಟ್ಟಿಗೆ ಸ್ಪಷ್ಟವಾಗುವುದಿಲ್ಲ. ತರಂಗಾಂತರದ ಅಳತೆಗೆ ಚಳಿಗಾಲದಲ್ಲಿ ಲುಬ್ಧಕವೇ ಸಾಕು: ಹೈಡ್ರೋಜನ್‌ನ 4861 ಮತ್ತು 6563ರ ಗೆರೆಗಳು ಎದ್ದು ಕಾಣುತ್ತವೆ. 11ನೇ ಕಾಂತಿಮಾನದ ಉಪಗ್ರಹಕ್ಕೆ 30 ಸೆಕೆಂಡಿನ 20 ಚಿತ್ರ ಕೂಡಿಸಬೇಕು.

ಆಮೇಲೆ ಭಾಗಾಕಾರ. ಉಪಗ್ರಹದ ರೋಹಿತವನ್ನು ಸೂರ್ಯನಂಥ ನಕ್ಷತ್ರದ ರೋಹಿತದಿಂದ ಭಾಗಿಸಿದರೆ ಸೂರ್ಯ, ಗಾಳಿ, ಕ್ಯಾಮೆರಾ ಮೂರೂ ಕಳೆದು ಮೈಯ ಪ್ರತಿಫಲನ ಮಾತ್ರ ಉಳಿಯುತ್ತದೆ. ಬಂಗಾರದ ಬಣ್ಣದ ಕ್ಯಾಪ್ಟಾನ್ ಹೊದಿಕೆಯಾದರೆ 5000 ಆಂಗ್‌ಸ್ಟ್ರಾಂ ಕೆಳಗೆ ಗೆರೆ ಕುಸಿಯುತ್ತದೆ. ಸಿಲಿಕಾನ್ ಸೌರಫಲಕ ನೀಲಿ ಕಡೆ ಗೆರೆಯನ್ನು ಎತ್ತುತ್ತದೆ. ಗ್ಯಾಲಿಯಂ ಆರ್ಸೆನೈಡ್ ಇರುವ ಬಹುಪದರ ಫಲಕ 8700ರವರೆಗೆ ಬೆಳಕು ನುಂಗಿ, ಅದರಾಚೆ ಬಿಟ್ಟುಕೊಡುತ್ತದೆ; 9000ದ ಆಸುಪಾಸು ಗೆರೆ ಏರುತ್ತದೆ.

ಈ 9000ದ ಏರಿಕೆಯೇ ದೊಡ್ಡ ಮೋಸದ ಜಾಗ. ಗ್ರೇಟಿಂಗ್ ಒಂದೇ ರೋಹಿತ ಕೊಡುವುದಿಲ್ಲ. ಎರಡು ಪಟ್ಟು ಅಗಲಕ್ಕೆ ಹರಡಿದ ಎರಡನೇ ಸಾಲಿನ ರೋಹಿತವೂ ಮಸುಕಾಗಿ ಅದರ ಮೇಲೇ ಬೀಳುತ್ತದೆ. 4500ರ ನೀಲಿ ಬೆಳಕು ಎರಡನೇ ಸಾಲಿನಲ್ಲಿ ಸರಿಯಾಗಿ 9000ದ ಜಾಗಕ್ಕೆ ಬಂದು ಕೂರುತ್ತದೆ. ಅಲ್ಲಿ ಸೆನ್ಸರ್‌ನ ಗ್ರಹಣಶಕ್ತಿ ಕುಸಿದಿರುವುದರಿಂದ ನಿಜವಾದ 9000ದ ಬೆಳಕು ಕಡಿಮೆ, ನುಸುಳಿದ ನೀಲಿಯೇ ಜೋರು. ನೀಲಿ ಫಲಕದ ಉಪಗ್ರಹವನ್ನು ಭಾಗಿಸಿದಾಗ 9000ದಲ್ಲಿ ಚೆಂದದ ಗುಡ್ಡ ಏಳುತ್ತದೆ, ನೋಡಿದವರು ಗ್ಯಾಲಿಯಂ ಆರ್ಸೆನೈಡ್ ಎಂದು ಬರೆದಿಡುತ್ತಾರೆ. ನನ್ನ ಮೊದಲ ಕಡತಗಳಲ್ಲೂ ಅಂಥವು ಇವೆ. ಪರಿಹಾರ ಸುಲಭ: 4950ಕ್ಕಿಂತ ಕೆಳಗಿನದನ್ನು ತಡೆಯುವ ಹಳದಿ ಗಾಜನ್ನು ಗ್ರೇಟಿಂಗ್ ಮುಂದೆ ಹಾಕಿ ಇನ್ನೊಂದು ಸರಣಿ ತೆಗೆಯುವುದು. ಆಗ 9900ರವರೆಗೆ ಎರಡನೇ ಸಾಲಿನ ಕಾಟವಿಲ್ಲ. ಗುಡ್ಡ ಉಳಿದರೆ ಫಲಕದ್ದು, ಮಾಯವಾದರೆ ಗ್ರೇಟಿಂಗ್‌ದು. ನಕ್ಷತ್ರವನ್ನೂ ಅದೇ ಗಾಜಿನಲ್ಲಿ ತೆಗೆದಿರಬೇಕು, ಇಲ್ಲವಾದರೆ ಭಾಗಿಸಿ ಪ್ರಯೋಜನವಿಲ್ಲ.

ಕರಾವಳಿಯಲ್ಲಿ ಇನ್ನೊಂದು ಕಿರಿಕಿರಿ ನೀರಾವಿ. 7200, 8200, 9400ರಲ್ಲಿ ನೀರಾವಿಯ ಪಟ್ಟೆಗಳಿವೆ. ಕಾರವಾರದ ದಡದಲ್ಲಿ ಸಂಜೆಯ ಕಡಲಗಾಳಿ ಇಳಿದು ರಾತ್ರಿ ನೆಲದ ಗಾಳಿ ತಿರುಗುವಾಗ ಪಟ್ಟೆಗಳ ಆಳ ಬದಲಾಗುತ್ತದೆ. ಎಂಟು ಗಂಟೆಗೆ ತೆಗೆದ ನಕ್ಷತ್ರದಿಂದ ಹನ್ನೊಂದರ ಉಪಗ್ರಹವನ್ನು ಭಾಗಿಸಿದರೆ 9400ರ ಹತ್ತಿರ ಇಲ್ಲದ ಹಳ್ಳದಿಬ್ಬ ಹುಟ್ಟುತ್ತವೆ. ಅಲ್ಲಿ ನಾನು 8900ರ ಆಚೆಗಿನದನ್ನು ನಂಬುವುದಿಲ್ಲ. ಘಟ್ಟದ ಮೇಲೆ ಪಟ್ಟೆಗಳು ಇಷ್ಟು ಕಾಡುವುದಿಲ್ಲ, ಆದರೆ ಇಬ್ಬನಿ ಬಿಡುವುದಿಲ್ಲ. ತೋಟ ಇರುವ ತಗ್ಗಿನಲ್ಲಿ ಮಂಜು ಮೊದಲು ತುಂಬುತ್ತದೆ. ದೂರದರ್ಶಕ ಮೇಲಿನ ಬೇಣದಲ್ಲೋ ತಾರಸಿಯ ಮೇಲೋ ಇದ್ದರೆ ಒಂದೆರಡು ತಾಸು ಹೆಚ್ಚು ಸಿಗುತ್ತದೆ. ಕ್ಯಾಮೆರಾ ಗಾಜಿನ ಮೇಲೆ ತೆಳುವಾಗಿ ಇಬ್ಬನಿ ಕೂತರೆ ಚಿತ್ರ ಮಸುಕಾಗುವ ಮೊದಲೇ ಅಳತೆ ಕೆಟ್ಟಿರುತ್ತದೆ, ಆದ್ದರಿಂದ ಬಿಸಿಪಟ್ಟಿಯನ್ನು ಶುರುವಿನಿಂದಲೇ ಹಚ್ಚಿಡಬೇಕು. ಮಳೆಗಾಲದಲ್ಲಿ ಗ್ರೇಟಿಂಗ್, ಫಿಲ್ಟರ್ ಎಲ್ಲ ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಗೆ. ಇಲ್ಲವಾದರೆ ಬೂಸ್ಟು ಹಿಡಿಯುತ್ತದೆ.

ಗುರುತಿಸುವುದು ಹೀಗೆ. ಸೂರ್ಯ, ಉಪಗ್ರಹ, ನಾವು ಸೇರಿ ಮಾಡುವ ಕಲಾಕೋನ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿಯಂತೆ ಬದಲಾಗುತ್ತದೆ. ಅದರ ಎದುರು ಬಿ-ವಿ ಅಂಕಿಯನ್ನು ಗುರುತು ಹಾಕುತ್ತ ಹೋಗಬೇಕು. ಮಧ್ಯರಾತ್ರಿಯ ಹತ್ತಿರ ಫಲಕದ ಬೆಳಕು ಮೇಲುಗೈ, ದೂರ ಹೋದಂತೆ ಮೈಯ ಹೊದಿಕೆಯದ್ದು. ಕೆಲವು ನೀಲಿಯತ್ತ, ಕೆಲವು ಕೆಂಪಿನತ್ತ ವಾಲುತ್ತವೆ. ಆ ವಾಲುವ ದಿಕ್ಕು ಮತ್ತು ಮಧ್ಯರಾತ್ರಿಯ ಹಿಂದು-ಮುಂದಿನ ಗೆರೆಗಳ ವ್ಯತ್ಯಾಸವೇ ಗುರುತು. ಇನ್ಸಾಟ್-3ಡಿಆರ್‌ಗೆ ಫಲಕ ಒಂದೇ ಪಕ್ಕ, ಉಪಕರಣ ತಣ್ಣಗಿರಲೆಂದು ಇನ್ನೊಂದು ಪಕ್ಕ ಖಾಲಿ. ಎರಡು ರೆಕ್ಕೆಯ ಸಂಪರ್ಕ ಉಪಗ್ರಹದ ಗೆರೆಗೂ ಇದರ ಗೆರೆಗೂ ಹೋಲಿಕೆ ನಿರೀಕ್ಷಿಸಬಾರದು. ಡಿಸೆಂಬರ್‌ನಿಂದ ಫೆಬ್ರವರಿ ಮಧ್ಯದವರೆಗೆ ಈ ಗೆರೆ ತುಂಡಾಗದೆ ಸಿಗುತ್ತದೆ.

ಮಾರ್ಚ್ 14ರ ಆಸುಪಾಸು ಸೂರ್ಯನ ಡಿಕ್ಲಿನೇಶನ್ ಮೈನಸ್ 2.5ಕ್ಕೆ ಬಂದಾಗ ಫಲಕ ಕನ್ನಡಿಯಂತೆ ಹೊಡೆಯುವ ಬಿಸಿಲಿನ ಮಿಂಚು ನೇರ ನಮ್ಮ ಕಡೆಗೆ. ಆದರೆ ಮಿಂಚಿನ ತುದಿ ಬರಬೇಕಾದ ಹೊತ್ತಿಗೇ, ರಾತ್ರಿ 12.10ರಿಂದ 1.15ರವರೆಗೆ, ಉಪಗ್ರಹ ಭೂಮಿಯ ನೆರಳಲ್ಲಿರುತ್ತದೆ. ಫಲಕ ಸೂರ್ಯನಿಗೆ ಕೆಲವು ಡಿಗ್ರಿ ಓರೆಯಾಗಿದ್ದರೆ ಮಿಂಚು ನೆರಳಿನ ಈಚೆಗೋ ಆಚೆಗೋ ಬೀಳುತ್ತದೆ. ನೆರಳಿಗೆ ಮೊದಲೋ ಆಮೇಲೋ ಎಂಬುದನ್ನು ಬರೆದಿಟ್ಟುಕೊಳ್ಳಿ, ಅಕ್ಕಪಕ್ಕದ ಎರಡು ಚುಕ್ಕಿ ಬೇರ್ಪಡಿಸಲು ಅದಕ್ಕಿಂತ ಸುಲಭದ ಗುರುತಿಲ್ಲ. ಆ ದಿನಗಳಲ್ಲಿ ಚಿತ್ರದ ಅವಧಿ ಒಂದು ಸೆಕೆಂಡಿಗೆ ಇಳಿಸಿ, 10 ಸೆಕೆಂಡಿಗೆ ಪಿಕ್ಸೆಲ್ ತುಂಬಿ ಹೋಗುತ್ತದೆ. ನೆರಳಿಗೆ ಹೊಗುವ, ಹೊರಡುವ ಎರಡೆರಡು ನಿಮಿಷದ ಅಳತೆ ಬಿಟ್ಟುಬಿಡಿ: ಭೂಮಿಯ ಗಾಳಿ ಸೋಸಿದ ಕೆಂಪು ಬೆಳಕು ಅದು, ಉಪಗ್ರಹದ ಬಣ್ಣವಲ್ಲ. ನಡುವಿನ ಒಂದು ತಾಸು ಸುಮ್ಮನೆ ಕೂರಬೇಕಿಲ್ಲ. ಸೂರ್ಯನಂಥ ನಕ್ಷತ್ರ ಎಸ್‌ಎ 102-1081, ಕಾಂತಿಮಾನ 9.9, ಸಿಂಹ ರಾಶಿಯ ದಕ್ಷಿಣ ಅಂಚಿನಲ್ಲಿ ಆಗ ಸರಿಯಾಗಿ ನೆತ್ತಿ ರೇಖೆಯ ಹತ್ತಿರ ಇರುತ್ತದೆ. ಮೋಟಾರ್ ಹಾಕಿ ಅದರ ರೋಹಿತ ತೆಗೆದುಕೊಳ್ಳಿ. ಇದೇ ಮಿಂಚು ಸೆಪ್ಟೆಂಬರ್ 29ರ ಹೊತ್ತಿಗೆ ಇನ್ನೊಮ್ಮೆ ಬರುತ್ತದೆ, ಆದರೆ ಶಿರಸಿಯಲ್ಲಿ ಆಗಿನ್ನೂ ಮೋಡ ಬಿಟ್ಟಿರುವುದಿಲ್ಲ.