ಹಿಂದಕ್ಕೆ 20 ಇಂಚಿನ ಚಕ್ರ ಕಟ್ಟಿ ಮಡಿಕೇರಿ ಏರು ಹತ್ತಿಸಿದ್ದು

ನನ್ನ ಎಲೆಕ್ಟ್ರಿಕ್ ಸೈಕಲ್ಲಿಗೆ ಈಗ ಮುಂದೆ 26 ಇಂಚಿನ ಚಕ್ರ, ಹಿಂದೆ 20. ನೋಡಿದವರೆಲ್ಲ ನಕ್ಕರು. ಕುಶಾಲನಗರದ ಸೈಕಲ್ ಅಂಗಡಿಯ ಅಣ್ಣ ಅಂತೂ "ಇದೇನು ಮಾರಾಯ್ರೇ, ಟ್ರ್ಯಾಕ್ಟರ್ ಉಲ್ಟಾ ಮಾಡಿದ ಹಾಗಿದೆ, ವಾರಕ್ಕೇ ಕಡ್ಡಿ ಮುರೀತದೆ ನೋಡಿ" ಎಂದುಬಿಟ್ಟರು. ಈಗ ಒಂದು ಮಳೆಗಾಲ ಪೂರ್ತಿ ಓಡಿದೆ. ಈ ಚಕ್ರದಲ್ಲಿ ಒಂದು ಕಡ್ಡಿಯೂ ಹೋಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲಿದ್ದದ್ದು ಮಾಮೂಲಿ ಸೆಟ್ಟೇ. ಡೈರೆಕ್ಟ್ ಡ್ರೈವ್ ಹಬ್ ಮೋಟಾರ್ (ಹಿಂದಿನ ಚಕ್ರದ ನಡುವೆ ಕೂತು, ಗೇರ್ ಇಲ್ಲದೆ ನೇರವಾಗಿ ಚಕ್ರ ತಿರುಗಿಸುವಂಥದ್ದು), 36 ವೋಲ್ಟ್ ಬ್ಯಾಟರಿ, 26 ಇಂಚಿನ ರಿಮ್ಮು. ಸಪಾಟು ರಸ್ತೆಗೆ ಒಳ್ಳೆಯದು. ಆದರೆ ಸುಂಟಿಕೊಪ್ಪ ದಾಟಿ ಬೋಯಿಕೇರಿ ಏರು ಸಿಕ್ಕಿತು ಅಂದರೆ ಸ್ಪೀಡ್ 10ಕ್ಕೆ ಇಳಿಯುತ್ತದೆ, ಆಗ ಕರೆಂಟು ಸೈಕಲ್ ಎಳೆಯುವುದಕ್ಕಿಂತ ಜಾಸ್ತಿ ಮೋಟಾರು ಬಿಸಿ ಮಾಡುವುದಕ್ಕೇ ಹೋಗುತ್ತದೆ. ಮಡಿಕೇರಿ ಮುಟ್ಟುವಾಗ ಹಬ್ ಮೇಲೆ ಕೈ ಇಡಲು ಆಗುತ್ತಿರಲಿಲ್ಲ. ಎಲ್ಲರ ಸಲಹೆ ಒಂದೇ: ಇದನ್ನು ಮಾರಿ ಗೇರ್ ಇರುವ ಹಬ್ ತಗೋ. ಮಾರಿದರೆ ಯಾರು ಕೊಳ್ಳುತ್ತಾರೆ?

ನನ್ನ ಲೆಕ್ಕ ಸುಲಭ. ಚಕ್ರ 26ರಿಂದ 20ಕ್ಕೆ ಇಳಿದರೆ ಅದೇ ಕರೆಂಟಿಗೆ ಎಳೆತ ಹೆಚ್ಚುಕಡಿಮೆ 30 ಪರ್ಸೆಂಟ್ ಜಾಸ್ತಿ. ಸ್ಪೀಡ್ ಕಡಿಮೆಯಾಗುತ್ತದೆ, ಅದನ್ನು 10 ಸೀರೀಸ್ (ಸಾಲಾಗಿ 10 ಸೆಲ್ ಇರುವ) ಬ್ಯಾಟರಿ ತೆಗೆದು 13 ಸೀರೀಸ್ ಹಾಕಿ, ವೋಲ್ಟೇಜ್ ಏರಿಸಿ ವಾಪಸ್ ಪಡೆದೆ. 26ನ್ನು 20ರಿಂದ ಭಾಗಿಸಿ, 13ನ್ನು 10ರಿಂದ ಭಾಗಿಸಿ, ಎರಡೂ ಒಂದೇ ಅಲ್ವಾ! ಸ್ಪೀಡ್ ಲಿಮಿಟ್ ಮಾತ್ರ 25 ಕಿಲೋಮೀಟರಿಗೇ ಇಟ್ಟಿದ್ದೇನೆ. ಡಿಸ್‌ಪ್ಲೇಯಲ್ಲಿ ಚಕ್ರದ ಅಳತೆ ಬದಲಿಸಬೇಕು, ಇಲ್ಲದಿದ್ದರೆ ಸುಮ್ನೆ ಜಾಸ್ತಿ ಸ್ಪೀಡ್ ತೋರಿಸಿ ಮೋಟಾರನ್ನು ಬೇಗ ಕಟ್ ಮಾಡುತ್ತದೆ.

ಕಷ್ಟ ಇದ್ದದ್ದು ಕಡ್ಡಿಯದು. ಇಷ್ಟು ದೊಡ್ಡ ಹಬ್ಬಿಗೂ ಇಷ್ಟು ಸಣ್ಣ ರಿಮ್ಮಿಗೂ ನಡುವೆ ಎಂಟೂವರೆ ಸೆಂಟಿಮೀಟರ್ ಕಡ್ಡಿ ಬೇಕು, ಅದು ಎಲ್ಲೂ ರೆಡಿ ಸಿಗುವುದಿಲ್ಲ. ಮೊದಲು ದಪ್ಪ 12 ಗೇಜ್ ಕಡ್ಡಿ ತಂದು ಲೇತ್ ಅಂಗಡಿಯಲ್ಲಿ ಕತ್ತರಿಸಿ ಡೈ ಹಾಕಿ ಥ್ರೆಡ್ ಹೊಡೆಸಿದೆ. ಏಳೆಂಟು ನೂರು ರೂಪಾಯಿ ನೀರಿಗೆ ಹೋಯಿತು. ದಪ್ಪ ಕಡ್ಡಿ ಹಬ್ಬಿನ ಅಂಚಿನಲ್ಲಿ ಸರಿಯಾಗಿ ಕೂರುವುದಿಲ್ಲ. ಡೈಯಲ್ಲಿ ಕೊರೆದ ಥ್ರೆಡ್ಡಿಗೆ ಬಲವೂ ಇಲ್ಲ, ಕಡ್ಡಿಗಳು ಪಟಪಟ ಅಲ್ಲೇ ತುಂಡಾದವು. ಆಮೇಲೆ ಮೈಸೂರಿಗೆ ಹೋಗಿ 13 ಗೇಜಿನ ಕಡ್ಡಿಗೆ ರೋಲಿಂಗ್ ಮೆಷಿನ್ನಿನಲ್ಲಿ ಥ್ರೆಡ್ ಒತ್ತಿಸಿಕೊಂಡು ಬಂದೆ. ತೆಳ್ಳಗಿನ ಕಡ್ಡಿಯನ್ನು ಚೆನ್ನಾಗಿ ಬಿಗಿ ಮಾಡಿದರೆ ಅದೇ ಹೆಚ್ಚು ಬಾಳುತ್ತದೆ. ಸಡಿಲ ಇದ್ದ ಕಡ್ಡಿ ದಪ್ಪ ಇದ್ದರೂ ಮುರಿಯುತ್ತದೆ. ಇದನ್ನು ಆ ಅಣ್ಣ ಈಗಲೂ ಒಪ್ಪುವುದಿಲ್ಲ.

ಇನ್ನು ಕ್ರಾಸ್, ಅಂದರೆ ಕಡ್ಡಿಗಳು ಒಂದನ್ನೊಂದು ದಾಟುವುದು. ಪೂರ್ತಿ ಒಂದು ಕ್ರಾಸ್ ಕೊಟ್ಟರೆ ನಿಪ್ಪಲ್ (ಕಡ್ಡಿ ಬಿಗಿಸುವ ನಟ್ಟು) ರಿಮ್ಮಿನಲ್ಲಿ ತುಂಬಾ ಓರೆ ಕೂತು ಕಡ್ಡಿ ಅಲ್ಲೇ ಬಗ್ಗುತ್ತದೆ. ನೆಟ್ಟಗೆ ಕಟ್ಟಿದರೆ ಮೋಟಾರಿನ ತಿರುಚು ತಡೆಯುವುದಿಲ್ಲ. ನಾನು ಒಂದಕ್ಕೊಂದು ದಾಟದ ಹಾಗೆ, ಜೋಡಿ ಜೋಡಿಯಾಗಿ ಸ್ವಲ್ಪ ಓರೆ ಕಟ್ಟಿದ್ದೇನೆ. ಚಕ್ರದ ಬೆಂಡ್ ತೆಗೆದದ್ದು ಮನೆಯಲ್ಲೇ, ಸೈಕಲ್ ತಲೆಕೆಳಗೆ ನಿಲ್ಲಿಸಿ. ಕಡ್ಡಿ ಮೀಟಿ ಶಬ್ದ ಕೇಳುತ್ತಾ ಬಿಗಿ ಸಮ ಮಾಡಿದೆ, ಪಕ್ಕದ ಕಡ್ಡಿಗಳನ್ನು ಕೈಯಲ್ಲಿ ಹಿಂಡಿ ಮತ್ತೆ ಬಿಗಿ ಮಾಡಿದೆ. ನಿಪ್ಪಲಿಗೆ ಏನು ಹಚ್ಚಿದೆ ಅಂತ ಮಾತ್ರ ಹೇಳುವುದಿಲ್ಲ, ನಮ್ಮ ಮಳೆಗೆ ಅದೇ ನನ್ನ ಬಂಡವಾಳ.

ದುಡ್ಡು: ಡಬಲ್ ವಾಲ್ ರಿಮ್ಮಿಗೆ ಸಾವಿರದ ಹತ್ತಿರ, ಕಡ್ಡಿಗೆ ಮೈಸೂರಿನ ಬಸ್ ಚಾರ್ಜೂ ಸೇರಿ ಅಷ್ಟೇ, ಡಿಸ್ಕ್ ಬ್ರೇಕಿಗೆ ಎಂಟುನೂರೋ ಒಂಬೈನೂರೋ. ಹಳೆಯ ರಿಮ್ ಬ್ರೇಕ್ ಸಣ್ಣ ಚಕ್ರಕ್ಕೆ ಎಟುಕುವುದಿಲ್ಲ, ಹಾಗಾಗಿ ಡಿಸ್ಕ್ ಕೂರಿಸಲು ಜಾಗ ಇರುವ ಫ್ರೇಮ್ ಇದ್ದರೆ ಮಾತ್ರ ಈ ಕೆಲಸಕ್ಕೆ ಇಳಿಯಿರಿ. ಬ್ಯಾಟರಿಯೇ ದೊಡ್ಡ ಖರ್ಚು, ಹದಿನಾರು ಸಾವಿರ ಚಿಲ್ಲರೆ. ಮನೆಯವಳಿಗೆ ಹನ್ನೆರಡು ಅಂತ ಹೇಳಿದ್ದೇನೆ.

ಪೆಡಲ್ ನಾಲ್ಕೈದು ಸೆಂಟಿಮೀಟರ್ ಕೆಳಗೆ ಬಂತು, ತೋಟದ ದಾರಿಯಲ್ಲಿ ಕಲ್ಲಿಗೆ ತಾಗುತ್ತಿತ್ತು. ಮಕ್ಕಳ ಸೈಕಲ್ಲಿನ ಗಿಡ್ಡ ಕ್ರ್ಯಾಂಕ್ ಹಾಕಿದೆ. ಗೇರ್ ತೆಗೆದು ಸಿಂಗಲ್ ಫ್ರೀವೀಲ್ ಮಾಡಿದೆ.

ಫಲ ಏನು ಅಂದರೆ, ಅದೇ ಏರಿನಲ್ಲಿ ಈಗ ಹದಿನೇಳು ಹದಿನೆಂಟರಲ್ಲಿ ಹೋಗುತ್ತದೆ. ಹಬ್ ಬೆಚ್ಚಗಾಗುತ್ತದೆ, ಸುಡುವುದಿಲ್ಲ.

ಇಳಿಜಾರಿನಲ್ಲಿ ಮೋಟಾರನ್ನೇ ಬ್ರೇಕ್ ಮಾಡಿ ಬ್ಯಾಟರಿ ತುಂಬಿಸುವ ಪ್ರಯೋಗವನ್ನೂ ಮಾಡಿದೆ. ಮಡಿಕೇರಿಯಲ್ಲಿ ಫುಲ್ ಚಾರ್ಜ್ ಮಾಡಿ ಇಳಿದರೆ ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟ್) ಕಟ್ ಆಗುತ್ತದೆ, ತುಂಬಿದ ಬ್ಯಾಟರಿಗೆ ಮತ್ತೆ ಎಲ್ಲಿ ತುಂಬುವುದು? ಈಗ ಮೇಲೆ 80ಕ್ಕೇ ನಿಲ್ಲಿಸುತ್ತೇನೆ. ವಾಪಸ್ ಬರುವುದು ನಾಲ್ಕೈದು ಪರ್ಸೆಂಟ್ ಅಷ್ಟೇ, ಆದರೆ ಬ್ರೇಕ್ ಪ್ಯಾಡ್ ಉಳಿಯುತ್ತದೆ. ಆಕ್ಸಲ್ ಮಾತ್ರ ಎರಡೂ ಕಡೆಗೆ ತಿರುಚಿ ನಟ್ ಸಡಿಲಾಗುತ್ತದೆ, ಟಾರ್ಕ್ ಆರ್ಮ್ (ಆಕ್ಸಲ್ ತಿರುಗದ ಹಾಗೆ ಫ್ರೇಮಿಗೆ ಹಿಡಿಸುವ ಪಟ್ಟಿ) ಎರಡೂ ಬದಿಗೆ ಬೇಕೇ ಬೇಕು.

ಹಿಂದಿನ ಟೈರು ಬೇಗ ಸವೆಯುತ್ತಿದೆ. ಸಣ್ಣ ಚಕ್ರ ಜಾಸ್ತಿ ಸುತ್ತು ಹಾಕುತ್ತದಲ್ಲ. ಹುತ್ತರಿ ಮುಗಿದ ಮೇಲೆ ಇನ್ನೂ ದಪ್ಪ ಟೈರು ಹಾಕಿ ನೋಡಬೇಕು, ಫ್ರೇಮಿಗೆ ಉಜ್ಜದಿದ್ದರೆ.